ಜೈಲಿನ ಬಾಗಿಲಲ್ಲಿ ಕಾವಲು ಯಾರದು?

2023ರ ಮಾರ್ಚ್ 23ರಂದು ಸೂರತ್‌ನ ಮುಖ್ಯ ಜುಡಿಷಿಯಲ್ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ರಾಹುಲ್ ಗಾಂಧಿಯವರಿಗೆ ಎರಡು ವರ್ಷ ಜೈಲು ಶಿಕ್ಷೆ ವಿಧಿಸಿತು. ಮಾತು ಆಡಿದ್ದು ಕೋಲಾರದಲ್ಲಿ, 2019ರ ಏಪ್ರಿಲ್ 13ರ ಚುನಾವಣಾ ಸಭೆಯಲ್ಲಿ. ಮೋದಿ ಎಂಬ ಅಡ್ಡಹೆಸರಿನ ಬಗ್ಗೆ ಆಡಿದ ಆ ಮಾತು ಮಾನಹಾನಿಕರ ಎಂದು ದೂರು ಕೊಟ್ಟವರು ಸೂರತ್‌ನ ಶಾಸಕ ಪೂರ್ಣೇಶ್ ಮೋದಿ. ಮಾತಾಡಿದ ದಿನ ರಾಹುಲ್ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದರು. ತೀರ್ಪಿನ ದಿನ ಮಾಜಿ ಅಧ್ಯಕ್ಷ. ಮಾತಾಡಿದ ದಿನ ಅವರನ್ನು ಕಾಯುತ್ತಿದ್ದುದು ಎಸ್‌ಪಿಜಿ. ತೀರ್ಪಿನ ಹೊತ್ತಿಗೆ ಆ ಕೆಲಸ ಸಿಆರ್‌ಪಿಎಫ್‌ನ ಝಡ್ ಪ್ಲಸ್ ತಂಡಕ್ಕೆ ಬಂದಿತ್ತು.

ಆಮೇಲಿನದು ಎಲ್ಲರಿಗೂ ಗೊತ್ತು. ಮೇಲ್ಮನವಿಗೆಂದು ಶಿಕ್ಷೆಯನ್ನು 30 ದಿನ ಅಮಾನತಿನಲ್ಲಿಟ್ಟು ಅದೇ ನ್ಯಾಯಾಲಯ ಜಾಮೀನು ಕೊಟ್ಟಿತು. ಮರುದಿನವೇ ಲೋಕಸಭೆಯ ಸದಸ್ಯತ್ವ ಹೋಯಿತು. ಏಪ್ರಿಲ್ 20ರಂದು ಸೂರತ್‌ನ ಸೆಷನ್ಸ್ ನ್ಯಾಯಾಲಯ, ಜುಲೈ 7ರಂದು ಗುಜರಾತ್ ಹೈಕೋರ್ಟ್ ತಡೆ ಕೊಡಲು ಒಪ್ಪಲಿಲ್ಲ. ಆಗಸ್ಟ್ 4ರಂದು ಸುಪ್ರೀಂ ಕೋರ್ಟ್, ಗರಿಷ್ಠ ಶಿಕ್ಷೆ ಯಾಕೆ ಎಂಬುದಕ್ಕೆ ಕೆಳ ನ್ಯಾಯಾಲಯ ಕಾರಣ ಕೊಟ್ಟಿಲ್ಲ ಎಂದು ಹೇಳಿ ದೋಷಿ ಎಂಬ ತೀರ್ಪಿಗೆ ತಡೆ ನೀಡಿತು. ಈ ನಾಲ್ಕೂವರೆ ತಿಂಗಳಲ್ಲಿ ಮಾನಹಾನಿ ಕಾನೂನಿನ ಬಗ್ಗೆ, ಅನರ್ಹತೆಯ ಬಗ್ಗೆ, ಎರಡು ವರ್ಷ ಎಂಬ ಲೆಕ್ಕದ ಬಗ್ಗೆ ಪುಟಗಟ್ಟಲೆ ಚರ್ಚೆ ನಡೆಯಿತು. ಒಂದು ಪ್ರಶ್ನೆ ಮಾತ್ರ ಹೆಚ್ಚು ಕೇಳಿಬರಲಿಲ್ಲ. ಜಾಮೀನು ಸಿಗದೆ, ಸೂರತ್ ಬಳಿಯ ಲಾಜಪೋರ್ ಸೆಂಟ್ರಲ್ ಜೈಲಿನ ಬಾಗಿಲು ಆ ಸಂಜೆ ನಿಜವಾಗಿಯೂ ತೆರೆದಿದ್ದರೆ, ಜೊತೆಗಿದ್ದ ಕಾವಲುಗಾರರು ಏನು ಮಾಡಬೇಕಿತ್ತು? ಒಳಗೆ ಹೋಗಬೇಕಿತ್ತೆ? ಬಾಗಿಲಲ್ಲೇ ನಿಲ್ಲಬೇಕಿತ್ತೆ? ಸಹಿ ಹಾಕಿ ಒಪ್ಪಿಸಿ ದೆಹಲಿಗೆ ವಾಪಸಾಗಬೇಕಿತ್ತೆ?

ಒಬ್ಬ ನಾಯಕನ ಅನುಕೂಲದ ಪ್ರಶ್ನೆಯಂತೆ ಇದು ಕಾಣಬಹುದು. ಆದರೆ ಬೆನ್ನು ಹತ್ತಿ ಹೋದರೆ, ಜೈಲಿಗೆ ಹೋಗುವ ಪ್ರತಿಯೊಬ್ಬರ ಜೀವಕ್ಕೆ ಜವಾಬ್ದಾರರು ಯಾರು ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಕನ್ನಡದಲ್ಲಿ 'ಕಾವಲು' ಎಂಬ ಮಾತಿಗೆ ಎರಡೂ ಕಡೆ ಮುಖವಿದೆ. ಪ್ರಧಾನಿಯ ಮನೆಗೂ ಕಾವಲು, ಕೈದಿಯ ಕೋಣೆಗೂ ಕಾವಲು. ಗಣ್ಯರ ಹಿಂದೆ ಹೋಗುವುದು ಬೆಂಗಾವಲು. ಗಲಭೆಯ ಭಯವಿದ್ದಲ್ಲಿ ಹಾಕುವುದು ಸರ್ಪಗಾವಲು. ಅನುಮಾನ ಇರುವವರ ಮೇಲೆ ಇಡುವುದು ಕಣ್ಗಾವಲು. ಹೊಲ ಕಾಯುವವನು ಬೆಳೆಯನ್ನು ಉಳಿಸುತ್ತಾನೆ. ಜೈಲು ಕಾಯುವವನು ಒಳಗಿದ್ದವನು ಹೊರಗೆ ಹೋಗದಂತೆ ನೋಡುತ್ತಾನೆ. ಕ್ರಿಯಾಪದ ಒಂದೇ. ಕಾಪಾಡು ಎಂಬುದೂ ಅದೇ ಬೇರಿನದು. ಭಾಷೆ ಒಂದಾಗಿ ಹಿಡಿದಿಟ್ಟ ಈ ಎರಡು ಕೆಲಸಗಳನ್ನು ಸರ್ಕಾರ ಎರಡು ಇಲಾಖೆಗಳಿಗೆ ಹಂಚಿದೆ. ಗಣ್ಯರ ಭದ್ರತೆ ಬಹುಮಟ್ಟಿಗೆ ಕೇಂದ್ರ ಗೃಹ ಸಚಿವಾಲಯದ ತೀರ್ಮಾನ. ಜೈಲು ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ರಾಜ್ಯದ ವಿಷಯ. ಒಂದರ ಅಧಿಕಾರ ಮುಗಿದು ಇನ್ನೊಂದರದು ಶುರುವಾಗುವ ಜಾಗ ಜೈಲಿನ ಹೆಬ್ಬಾಗಿಲು. ಅಪಾಯ ಇರುವುದೂ ಅಲ್ಲೇ.

ಎಸ್‌ಪಿಜಿಯ ಕಥೆಯನ್ನು ನೋಡಿದರೆ, ಭದ್ರತೆಯ ನಿಯಮಗಳು ಈ ದೇಶದಲ್ಲಿ ಹೇಗೆ ಹುಟ್ಟುತ್ತವೆ ಎಂಬುದು ತಿಳಿಯುತ್ತದೆ. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರನ್ನು ಕೊಂದವರು ಅವರನ್ನು ಕಾಯಬೇಕಿದ್ದ ಪೊಲೀಸರೇ. ಅದಾದ ಮರುವರ್ಷ ಎಸ್‌ಪಿಜಿ ರಚನೆಯಾಯಿತು. 1988ರಲ್ಲಿ ಅದಕ್ಕೊಂದು ಕಾಯ್ದೆ ಬಂತು. ಆ ಕಾಯ್ದೆ ಕಾಯುತ್ತಿದ್ದುದು ಹಾಲಿ ಪ್ರಧಾನಿಯನ್ನು ಮತ್ತು ಅವರ ಹತ್ತಿರದ ಕುಟುಂಬವನ್ನು ಮಾತ್ರ. 1989ರ ಕೊನೆಗೆ ಅಧಿಕಾರ ಹೋದ ಮೇಲೆ ರಾಜೀವ್ ಗಾಂಧಿಯವರಿಗೆ ಎಸ್‌ಪಿಜಿಯೂ ಹೋಯಿತು. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ಅವರ ಹತ್ಯೆಯಾಯಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ತಂದು ಮಾಜಿ ಪ್ರಧಾನಿಗಳನ್ನೂ ಸೇರಿಸಲಾಯಿತು. ನಂತರ ಅವಧಿಯನ್ನು ಒಮ್ಮೆ ಹಿಗ್ಗಿಸಿದರು, ಒಮ್ಮೆ ಕುಗ್ಗಿಸಿದರು. 2019ರ ನವೆಂಬರಿನಲ್ಲಿ ಸೋನಿಯಾ, ರಾಹುಲ್, ಪ್ರಿಯಾಂಕಾ ಅವರ ಎಸ್‌ಪಿಜಿ ಭದ್ರತೆಯನ್ನು ಹಿಂಪಡೆದು, ಆಮೇಲೆ ಸಂಸತ್ತಿನಲ್ಲಿ ಕಾಯ್ದೆಯನ್ನು ಮತ್ತೆ ತಿದ್ದಿದರು. ಈಗ ಅದು ಹಾಲಿ ಪ್ರಧಾನಿಗೆ, ಅಧಿಕಾರ ಬಿಟ್ಟ ಐದು ವರ್ಷದವರೆಗೆ ಮಾಜಿ ಪ್ರಧಾನಿಗೆ ಮತ್ತು ಅವರ ಜೊತೆ ಅಧಿಕೃತ ನಿವಾಸದಲ್ಲಿ ಇರುವ ಹತ್ತಿರದ ಕುಟುಂಬದವರಿಗೆ ಮಾತ್ರ.

ಯಾರಾದರೂ ಸತ್ತಾಗ ನಿಯಮ ಹುಟ್ಟುತ್ತದೆ, ಸರ್ಕಾರ ಬದಲಾದಾಗ ನಿಯಮ ಬದಲಾಗುತ್ತದೆ. ಕಾವಲಿನಲ್ಲಿರುವ ನಾಯಕನೊಬ್ಬ ಜೈಲಿಗೆ ಹೋದರೆ ಏನು ಎಂಬ ಬಗ್ಗೆ ಎಸ್‌ಪಿಜಿ ಕಾಯ್ದೆ ಮಾತಾಡುವುದಿಲ್ಲ. ಹಾಗಂತ ಅಂಥ ಸಂದರ್ಭ ಬಂದೇ ಇಲ್ಲ ಎನ್ನುವಂತಿಲ್ಲ.

ಮೊದಲನೆಯದು ಕರ್ನಾಟಕಕ್ಕೆ ಹತ್ತಿರದ್ದು. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಹೋದರು. ಡಿಸೆಂಬರ್ 19ರಂದು ಅದೇ ಸದನ ಹಕ್ಕುಚ್ಯುತಿಯ ಆರೋಪದಲ್ಲಿ ಅವರನ್ನು ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ತಿಹಾರ್ ಜೈಲಿಗೆ ಕಳಿಸಿತು. ಮರುದಿನ ಇಬ್ಬರು ಬೆಂಬಲಿಗರು ಇಂಡಿಯನ್ ಏರ್‌ಲೈನ್ಸ್ ವಿಮಾನವೊಂದನ್ನು ಅಪಹರಿಸಿ, ಅವರನ್ನು ಬಿಡುಗಡೆ ಮಾಡಬೇಕೆಂದು ಪಟ್ಟು ಹಿಡಿದರು. ಅವರ ಕೈಯಲ್ಲಿದ್ದದ್ದು ಆಟಿಕೆಯ ಪಿಸ್ತೂಲು ಎಂಬುದು ಆಮೇಲೆ ಗೊತ್ತಾದ ಸಂಗತಿ. ವಿಮಾನದಲ್ಲಿ ಕೂತಿದ್ದವರಿಗೆ ಅದು ಗೊತ್ತಿರಲಿಲ್ಲ. ನಾಯಕನೊಬ್ಬ ಒಳಗೆ ಹೋದಾಗ ಅಪಾಯ ಶತ್ರುಗಳಿಂದ ಮಾತ್ರ ಬರುವುದಿಲ್ಲ, ಅಭಿಮಾನಿಗಳಿಂದಲೂ ಬರುತ್ತದೆ.

ಎರಡನೆಯದು ಪಿ.ವಿ. ನರಸಿಂಹ ರಾವ್ ಅವರದು. ಜೆಎಂಎಂ ಲಂಚ ಪ್ರಕರಣದಲ್ಲಿ 2000ದ ಅಕ್ಟೋಬರಿನಲ್ಲಿ ಅವರಿಗೆ ಮೂರು ವರ್ಷ ಶಿಕ್ಷೆಯಾಯಿತು. ಭದ್ರತೆಯ ಕಾರಣಕ್ಕೆ ವಿಚಾರಣೆಯ ಜಾಗವನ್ನೇ ದೆಹಲಿಯ ವಿಜ್ಞಾನ ಭವನಕ್ಕೆ ಸಾಗಿಸಲಾಗಿತ್ತು. ಜಾಮೀನು ಸಿಕ್ಕಿತು, 2002ರಲ್ಲಿ ದೆಹಲಿ ಹೈಕೋರ್ಟ್ ಖುಲಾಸೆ ಮಾಡಿತು. ಎಸ್‌ಪಿಜಿಯವರು ಜೈಲಿನ ಬಾಗಿಲಿಗೆ ಹೋಗಿ ನಿಲ್ಲುವ ಪ್ರಸಂಗ ಬರಲಿಲ್ಲ. ಪ್ರಶ್ನೆ ಅಲ್ಲಿಗೆ ಮುಂದೂಡಿಕೆಯಾಯಿತು.

ಮೂರನೆಯದು ಬೆಂಗಳೂರಿನವರ ಕಣ್ಣೆದುರೇ ನಡೆದದ್ದು. 2014ರ ಸೆಪ್ಟೆಂಬರ್ 27ರಂದು ಜಯಲಲಿತಾ ಅವರಿಗೆ ನಾಲ್ಕು ವರ್ಷ ಶಿಕ್ಷೆ ಮತ್ತು 100 ಕೋಟಿ ರೂಪಾಯಿ ದಂಡ ವಿಧಿಸಿದ ವಿಶೇಷ ನ್ಯಾಯಾಲಯ ಅಂದು ಕೂತದ್ದು ಪರಪ್ಪನ ಅಗ್ರಹಾರ ಜೈಲಿನ ಆವರಣದಲ್ಲಿ. ಭದ್ರತೆಯ ದೃಷ್ಟಿಯಿಂದ ನ್ಯಾಯಾಲಯವೇ ಜೈಲಿನ ಬಳಿಗೆ ಬಂದಿತ್ತು. ಎನ್‌ಎಸ್‌ಜಿ ಕಾವಲಿನಲ್ಲಿ ಬಂದ ಮುಖ್ಯಮಂತ್ರಿ ಸಂಜೆಯ ಹೊತ್ತಿಗೆ ಪಕ್ಕದ ರಾಜ್ಯದ ಜೈಲಿನಲ್ಲಿ 7402ನೇ ನಂಬರಿನ ಕೈದಿ. ತಮಿಳುನಾಡಿನಲ್ಲಿ ಅವರ ಪಕ್ಷದ ಸರ್ಕಾರ, ಕರ್ನಾಟಕದಲ್ಲಿ ಕಾಂಗ್ರೆಸ್ ಸರ್ಕಾರ, ಕೇಂದ್ರದಲ್ಲಿ ಬಿಜೆಪಿ ಸರ್ಕಾರ. ಸುಮಾರು ಮೂರು ವಾರ, ಸುಪ್ರೀಂ ಕೋರ್ಟ್ ಜಾಮೀನು ಕೊಡುವವರೆಗೆ, ಅವರ ಜೀವದ ಹೊಣೆ ಕರ್ನಾಟಕದ ಜೈಲು ಇಲಾಖೆಯ ಮೇಲಿತ್ತು. ಆ ಮೂರು ವಾರದಲ್ಲಿ ಅವರಿಗೆ ಒಂದು ಜ್ವರ ಬಂದು ಹೆಚ್ಚುಕಡಿಮೆಯಾಗಿದ್ದರೂ ಗಡಿಯ ಎರಡೂ ಕಡೆಯ ಬಸ್ಸು, ಅಂಗಡಿ, ಜನ ಏನಾಗುತ್ತಿದ್ದರು ಎಂಬುದನ್ನು 1991ರ ಕಾವೇರಿ ಗಲಭೆ ಕಂಡವರಿಗೆ ವಿವರಿಸಬೇಕಾಗಿಲ್ಲ.

ಹಾಗಾದರೆ ಬೇರೆ ದೇಶಗಳು ಏನು ಮಾಡಿವೆ?

ದಕ್ಷಿಣ ಕೊರಿಯಾದಲ್ಲಿ ಮಾಜಿ ಅಧ್ಯಕ್ಷರು ಜೈಲಿಗೆ ಹೋಗುವುದು ಹೊಸದೇನಲ್ಲ. ಅಲ್ಲಿನ ಕಾನೂನು ಸ್ಪಷ್ಟವಾಗಿದೆ. ಜೈಲು ಶಿಕ್ಷೆ ಖಾಯಂ ಆದರೆ ಮಾಜಿ ಅಧ್ಯಕ್ಷನ ಪಿಂಚಣಿ, ಸಿಬ್ಬಂದಿ ಮುಂತಾದ ಸವಲತ್ತುಗಳು ಹೋಗುತ್ತವೆ. ಕಾವಲು ಮಾತ್ರ ಉಳಿಯುತ್ತದೆ. ಅಮೆರಿಕದಲ್ಲಿ ಮಾಜಿ ಅಧ್ಯಕ್ಷರಿಗೆ ಜೀವನಪರ್ಯಂತ ಸೀಕ್ರೆಟ್ ಸರ್ವಿಸ್ ಕಾವಲಿದೆ. 2024ರ ಮೇ 30ರಂದು ನ್ಯೂಯಾರ್ಕಿನ ಜ್ಯೂರಿ ಡೊನಾಲ್ಡ್ ಟ್ರಂಪ್ ಅವರನ್ನು 34 ಆರೋಪಗಳಲ್ಲಿ ದೋಷಿ ಎಂದಾಗ, ಜೈಲಿನೊಳಗೆ ಆ ಕಾವಲು ಹೇಗೆ ಎಂಬ ಪ್ರಶ್ನೆ ಹತ್ತಿರ ಬಂದಿತ್ತು. ಅದಕ್ಕೂ ಮೊದಲೇ ಡೆಮಾಕ್ರಟಿಕ್ ಪಕ್ಷದ ಬೆನ್ನಿ ಥಾಂಪ್ಸನ್, ಗಂಭೀರ ಅಪರಾಧಕ್ಕೆ ಜೈಲು ಶಿಕ್ಷೆಯಾದವರ ಸೀಕ್ರೆಟ್ ಸರ್ವಿಸ್ ಕಾವಲನ್ನು ತೆಗೆಯಬೇಕೆಂದು ಮಸೂದೆ ಮಂಡಿಸಿದ್ದರು. ಅದು ಕಾನೂನಾಗಲಿಲ್ಲ. 2025ರ ಜನವರಿಯಲ್ಲಿ ಟ್ರಂಪ್‌ಗೆ ಯಾವ ಶಿಕ್ಷೆಯೂ ಇಲ್ಲದ ತೀರ್ಪು ಬಂತು. ಅಲ್ಲಿಯೂ ಪ್ರಶ್ನೆ ಮುಂದೂಡಿಕೆಯಾಯಿತು.

ಫ್ರಾನ್ಸಿನಲ್ಲಿ ಮುಂದೂಡಲು ಆಗಲಿಲ್ಲ. 2025ರ ಅಕ್ಟೋಬರ್ 21ರಂದು ಮಾಜಿ ಅಧ್ಯಕ್ಷ ನಿಕೊಲಾ ಸರ್ಕೋಜಿ ಪ್ಯಾರಿಸ್ಸಿನ ಲಾ ಸಾಂತೆ ಜೈಲಿಗೆ ಹೋದಾಗ, ಅವರ ಪಕ್ಕದ ಕೋಣೆಯಲ್ಲಿ ಇಬ್ಬರು ಪೊಲೀಸ್ ಅಂಗರಕ್ಷಕರು ಉಳಿದುಕೊಂಡರು. ಜೈಲು ನೌಕರರ ಸಂಘದವರು ಸಿಟ್ಟಾದರು. ಅವರ ಸಿಟ್ಟು ಸಣ್ಣದಲ್ಲ. ಕೈದಿಗಳನ್ನು ಕಾಯುವುದು ತಮ್ಮ ಕೆಲಸ. ಜೈಲಿನ ಒಳಗೆ ಹೊರಗಿನ ಪೊಲೀಸರನ್ನು ತಂದು ಇರಿಸುವುದೆಂದರೆ, ತಮಗೆ ಆ ಕೆಲಸ ಬರುವುದಿಲ್ಲ ಎಂದು ಸರ್ಕಾರವೇ ಹೇಳಿದಂತೆ. ಹಾಗೆ ಹೇಳುವುದು ನಿಜವಾದರೆ, ಅದೇ ಜೈಲಿನಲ್ಲಿರುವ ಉಳಿದ ನೂರಾರು ಕೈದಿಗಳ ಗತಿ ಏನು?

ಭಾರತದಲ್ಲಿ ಈ ಆಕ್ಷೇಪ ಇನ್ನೂ ಜೋರಾಗಿ ಬರುತ್ತದೆ, ಬರಬೇಕು ಕೂಡ. ಪ್ರಭಾವಿಗಳಿಗೆ ಜೈಲು ಎಂದರೆ ಏನೆಂಬುದನ್ನು ಕರ್ನಾಟಕದ ಜನ ಚೆನ್ನಾಗಿ ಕಂಡಿದ್ದಾರೆ. 2017ರಲ್ಲಿ ಶಶಿಕಲಾ ಅವರಿಗೆ ಪರಪ್ಪನ ಅಗ್ರಹಾರದಲ್ಲಿ ವಿಶೇಷ ಸೌಲಭ್ಯ ಸಿಗುತ್ತಿದೆ ಎಂದು ಆಗ ಬಂದೀಖಾನೆ ಇಲಾಖೆಯ ಡಿಐಜಿಯಾಗಿದ್ದ ಡಿ. ರೂಪಾ ವರದಿ ಕೊಟ್ಟರು. 2024ರ ಆಗಸ್ಟಿನಲ್ಲಿ ನಟ ದರ್ಶನ್ ಅದೇ ಜೈಲಿನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತ ಫೋಟೋ ಹೊರಗೆ ಬಂದು, ಅವರನ್ನು ಬಳ್ಳಾರಿಗೆ ಸಾಗಿಸಲಾಯಿತು. ಇಂಥವನ್ನೆಲ್ಲ ನೋಡಿದ ಜನರಿಗೆ 'ಜೈಲಿನಲ್ಲಿ ನಾಯಕರಿಗೆ ಭದ್ರತೆ' ಎಂದರೆ ಹಿಂಬಾಗಿಲಿನ ಇನ್ನೊಂದು ಹೆಸರು ಎನಿಸಿದರೆ ತಪ್ಪಲ್ಲ. ಸಾಮಾನ್ಯ ಕೈದಿಗೆ ಸೊಳ್ಳೆಪರದೆಗೂ ಕಷ್ಟ. ಇವರಿಗೆ ಅಂಗರಕ್ಷಕರೂ ಬೇಕೆ?

ಈ ಸಿಟ್ಟಿಗೆ ಉತ್ತರ ಬೇಕೆಂದರೆ ಸವಲತ್ತು ಮತ್ತು ಸುರಕ್ಷತೆಯನ್ನು ಬೇರೆ ಬೇರೆಯಾಗಿ ನೋಡಬೇಕು. ಕುರ್ಚಿ, ಮೊಬೈಲು, ಮನೆಯ ಊಟ, ಪ್ರತ್ಯೇಕ ಅಡುಗೆಯವರು ಸವಲತ್ತು. ಆಹಾರದಲ್ಲಿ ವಿಷ ಬೀಳದಿರುವುದು, ಪಕ್ಕದ ಕೋಣೆಯವನ ಕೈಗೆ ಚಾಕು ಸಿಗದಿರುವುದು, ಕಾಯಿಲೆ ಬಿದ್ದರೆ ಡಾಕ್ಟರು ಬರುವುದು, ನ್ಯಾಯಾಲಯಕ್ಕೆ ಹೋಗುವ ದಾರಿಯಲ್ಲಿ ಜೀವ ಉಳಿಯುವುದು ಸುರಕ್ಷತೆ. ಮೊದಲನೆಯದು ಹುದ್ದೆಯೊಂದಿಗೆ ಬಂದದ್ದು, ಶಿಕ್ಷೆಯೊಂದಿಗೆ ಹೋಗಲಿ. ಎರಡನೆಯದು ಹುದ್ದೆಯಿಂದ ಬಂದದ್ದಲ್ಲ. ಸಂವಿಧಾನದ 21ನೇ ವಿಧಿ ಜೈಲಿನ ಗೋಡೆಯ ಹೊರಗೆ ನಿಲ್ಲುವುದಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 1978ರ ಸುನಿಲ್ ಬಾತ್ರಾ ಪ್ರಕರಣದಲ್ಲೇ ಹೇಳಿದೆ. ನ್ಯಾಯಾಲಯ ಕೊಡುವ ಶಿಕ್ಷೆ ಎರಡು ವರ್ಷ ಎಂದಾದರೆ, ಎರಡು ವರ್ಷ ಮುಗಿದ ದಿನ ಆ ಮನುಷ್ಯ ನಡೆದುಕೊಂಡು ಹೊರಗೆ ಬರಬೇಕು. ಆ ಎರಡು ವರ್ಷಕ್ಕೆ ಸಾವನ್ನೂ ಸೇರಿಸುವ ಅಧಿಕಾರ ಯಾರಿಗೂ ಇಲ್ಲ.

ಅದು ಬರಿಯ ತತ್ವದ ಮಾತಲ್ಲ ಎಂಬುದಕ್ಕೆ ಗುಜರಾತಿನ ಇನ್ನೆರಡು ಊರುಗಳ ಕಡತ ತೆಗೆದು ನೋಡಬಹುದು.

ಅಹಮದಾಬಾದಿನ ಸಾಬರಮತಿ ಜೈಲಿನಲ್ಲಿ 2019ರಿಂದ ಅತೀಕ್ ಅಹ್ಮದ್ ಇದ್ದರು. ಫೂಲ್‌ಪುರದ ಮಾಜಿ ಸಂಸದ, ನೂರರ ಹತ್ತಿರ ಪ್ರಕರಣಗಳಿದ್ದ ಮನುಷ್ಯ. ಉತ್ತರ ಪ್ರದೇಶದ ಜೈಲಿನೊಳಗಿಂದಲೇ ಉದ್ಯಮಿಯೊಬ್ಬನನ್ನು ಅಪಹರಿಸಿ ತರಿಸಿ ಹೊಡೆಸಿದ ಆರೋಪ ಬಂದ ಮೇಲೆ ಸುಪ್ರೀಂ ಕೋರ್ಟೇ ಅವರನ್ನು ಗುಜರಾತಿಗೆ ಸಾಗಿಸಲು ಹೇಳಿತ್ತು. 2023ರ ಮಾರ್ಚ್ 26ರಂದು, ಅಂದರೆ ಸೂರತ್ ತೀರ್ಪು ಬಂದ ಮೂರನೆಯ ದಿನ, ಉತ್ತರ ಪ್ರದೇಶದ ಪೊಲೀಸರು ಅವರನ್ನು ಸಾಬರಮತಿಯಿಂದ ಪ್ರಯಾಗರಾಜ್‌ಗೆ ಕರೆದೊಯ್ದರು. ತಮ್ಮ ಜೀವಕ್ಕೆ ಅಪಾಯವಿದೆ, ರಕ್ಷಣೆ ಬೇಕು ಎಂದು ಅವರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಮಾರ್ಚ್ 28ರಂದು ಕೋರ್ಟ್ ಆ ಅರ್ಜಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಹೈಕೋರ್ಟಿಗೆ ಹೋಗುವ ದಾರಿ ತೋರಿಸಿತು. ಅದೇ ದಿನ ಪ್ರಯಾಗರಾಜ್‌ನ ನ್ಯಾಯಾಲಯ ಅಪಹರಣ ಪ್ರಕರಣದಲ್ಲಿ ಅವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಏಪ್ರಿಲ್ 15ರ ರಾತ್ರಿ, ವೈದ್ಯಕೀಯ ತಪಾಸಣೆಗೆಂದು ಆಸ್ಪತ್ರೆಗೆ ಕರೆತಂದಾಗ, ಪತ್ರಕರ್ತರ ವೇಷದಲ್ಲಿದ್ದ ಮೂವರು ಅವರನ್ನೂ ತಮ್ಮ ಅಶ್ರಫ್‌ನನ್ನೂ ಗುಂಡಿಕ್ಕಿ ಕೊಂದರು. ಕೈಗೆ ಬೇಡಿ ಇತ್ತು, ಸುತ್ತ ಪೊಲೀಸರಿದ್ದರು, ಕ್ಯಾಮೆರಾಗಳಲ್ಲಿ ನೇರ ಪ್ರಸಾರ ನಡೆಯುತ್ತಿತ್ತು.

ಆ ಸಾವಿಗೆ ಪಟಾಕಿ ಹೊಡೆದವರೂ ಇದ್ದರು. ಅತೀಕ್ ಬಗ್ಗೆ ಕನಿಕರ ಇರಬೇಕಾದ ಅಗತ್ಯವೂ ಇಲ್ಲ. ಆದರೆ ಒಬ್ಬ ಕೈದಿ ಮುಂಚಿತವಾಗಿ ಬರೆದು ತಿಳಿಸಿದ ಭಯ ಮೂರು ವಾರದೊಳಗೆ ಸರ್ಕಾರದ ಕಾವಲಿನಲ್ಲೇ ನಿಜವಾಯಿತು ಎಂಬುದು ಉಳಿಯುತ್ತದೆ. ಕಾವಲಿನ ಒಂದು ಮುಖ, ತಪ್ಪಿಸಿಕೊಂಡು ಹೋಗದಂತೆ ಕಾಯುವುದು, ಆ ರಾತ್ರಿ ಸರಿಯಾಗಿಯೇ ಇತ್ತು; ಬೇಡಿ ಬಿಗಿಯಾಗಿತ್ತು. ಇನ್ನೊಂದು ಮುಖ ಇರಲಿಲ್ಲ.

ಇನ್ನೊಂದು ಊರು ವಡೋದರಾ. ತುರ್ತುಪರಿಸ್ಥಿತಿಯ ಕಾಲದ ಬರೋಡ ಡೈನಮೈಟ್ ಪ್ರಕರಣ ಅಲ್ಲಿಂದ ಶುರುವಾದದ್ದು. ಅದರ ಮುಖ್ಯ ಆರೋಪಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. 1976ರ ಜೂನ್‌ನಲ್ಲಿ ಅವರು ಕಲ್ಕತ್ತೆಯಲ್ಲಿ ಸಿಕ್ಕಿಬಿದ್ದಾಗ, ಅವರಿಗೆ ವಕೀಲರನ್ನು ಕೊಡಬೇಕು, ಅವರ ದೇಹಕ್ಕೆ ಅಪಾಯವಾಗಬಾರದು ಎಂದು ಆಮ್ನೆಸ್ಟಿ ಇಂಟರ್‌ನ್ಯಾಷನಲ್‌ನವರು ಸರ್ಕಾರವನ್ನು ಕೇಳಿಕೊಂಡರು. ಹೆಸರಾಂತ ಕಾರ್ಮಿಕ ನಾಯಕನಿಗೆ ಲೋಕದ ಕಣ್ಣೇ ಒಂದು ಬಗೆಯ ಕಾವಲಾಯಿತು. ಜೈಲಿನಿಂದಲೇ ಚುನಾವಣೆ ಗೆದ್ದು ಅವರು ಮಂತ್ರಿಯಾದರು. ಅದೇ ಪ್ರಕರಣದ ತನಿಖೆಯಲ್ಲಿ ಸಿಕ್ಕ ಅವರ ತಮ್ಮ ಲಾರೆನ್ಸ್ ಬೆಂಗಳೂರಿನ ಪೊಲೀಸರ ವಶದಲ್ಲಿ ತಿಂದ ಪೆಟ್ಟಿಗೆ ಯಾರ ಕಣ್ಣೂ ಅಡ್ಡ ಬರಲಿಲ್ಲ. 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ಕನ್ನಡಿಗರಿಗೆ ಗೊತ್ತಿದ್ದ ಸ್ನೇಹಲತಾ ರೆಡ್ಡಿ ಮೀಸಾ ಕಾಯ್ದೆಯಡಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳು ಇದ್ದರು. ಅವರಿಗೆ ಆಸ್ತಮಾ ಇತ್ತು. ಸರಿಯಾದ ಚಿಕಿತ್ಸೆ ಸಿಗಲಿಲ್ಲ. 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು, 20ರಂದು ತೀರಿಕೊಂಡರು. ಅವರ ಮೇಲೆ ಯಾವ ಅಪರಾಧವೂ ಸಾಬೀತಾಗಿರಲಿಲ್ಲ.

ಒಂದೇ ಕಡತದಲ್ಲಿ ಮೂವರು, ಮೂರು ಗತಿ. ಕೈದಿಯ ಜೀವ ಉಳಿಯುವುದು ಅವನ ಹೆಸರಿನ ತೂಕದ ಮೇಲೆ ನಿಂತರೆ ಆಗುವುದು ಇದೇ. ಅಂಗರಕ್ಷಕರನ್ನು ಜೈಲಿಗೂ ಕಳಿಸಿ ಎನ್ನುವವರು ನಾಯಕನೊಬ್ಬನ ತೂಕವನ್ನು ಉಳಿಸಿಕೊಡುತ್ತಾರೆ. ಯಾರಿಗೂ ಏನೂ ಬೇಡ, ಎಲ್ಲರೂ ಸಮಾನರು ಎನ್ನುವವರು ಎಲ್ಲರನ್ನೂ ಸ್ನೇಹಲತಾ ಇದ್ದ ಸ್ಥಿತಿಗೆ ಇಳಿಸಿ ಅದನ್ನು ಸಮಾನತೆ ಎನ್ನುತ್ತಾರೆ. ಎರಡೂ ಸಾಲದು.

ಮಾಡಬಹುದಾದ್ದು ಕಷ್ಟದ ಕೆಲಸವೇನಲ್ಲ. ಜೈಲಿಗೆ ಕಳಿಸುವ ನ್ಯಾಯಾಲಯವೇ, ಕಳಿಸುವ ಮೊದಲು, ಈ ವ್ಯಕ್ತಿಯ ಜೀವಕ್ಕೆ ಅಪಾಯವಿದೆಯೇ ಎಂದು ಕೇಳಿ ಉತ್ತರವನ್ನು ಆದೇಶದಲ್ಲಿ ಬರೆಯಬೇಕು. ಈ ಪ್ರಶ್ನೆ ಮಾಜಿ ಪ್ರಧಾನಿಗೂ ಅದೇ, ಊರಿನ ಜಮೀನ್ದಾರನ ವಿರುದ್ಧ ಸಾಕ್ಷಿ ಹೇಳಿ ತಾನೇ ಸುಳ್ಳು ಕೇಸಿನಲ್ಲಿ ಸಿಕ್ಕಿದವನಿಗೂ ಅದೇ. ಕೇಂದ್ರದ ಕಾವಲಿನಲ್ಲಿ ಇದ್ದವರಾದರೆ, ಗುಪ್ತಚರ ಇಲಾಖೆ ತನ್ನ ಬಳಿ ಇರುವ ಅಪಾಯದ ಮಾಹಿತಿಯನ್ನು ಮುಚ್ಚಿದ ಲಕೋಟೆಯಲ್ಲಿ ಆ ನ್ಯಾಯಾಲಯಕ್ಕೂ ಜೈಲಿನ ಮುಖ್ಯಸ್ಥರಿಗೂ ಕೊಡಬೇಕು. ಕಾವಲು ಕೈ ಬದಲಾಯಿಸುವ ಹೊತ್ತು, ದಿನಾಂಕ, ಒಪ್ಪಿಸಿದವರ ಮತ್ತು ಪಡೆದವರ ಹುದ್ದೆ ಕಾಗದದ ಮೇಲೆ ಇರಬೇಕು. ಜೈಲಿನಿಂದ ನ್ಯಾಯಾಲಯಕ್ಕೆ, ಆಸ್ಪತ್ರೆಗೆ ಕರೆದೊಯ್ಯುವ ಪ್ರತಿ ಸಲವೂ ಹೊಣೆ ಹೊತ್ತ ಒಬ್ಬ ಅಧಿಕಾರಿ ಇರಬೇಕು. ಕೈದಿಯನ್ನು ಕ್ಯಾಮೆರಾಗಳ ಮುಂದೆ ನಿಲ್ಲಿಸಿ ಮಾತಾಡಿಸುವುದು ನಿಲ್ಲಬೇಕು. ಜೈಲಿಗೆ ಸಂಬಂಧಿಸದ ವೈದ್ಯರೊಬ್ಬರು ನಿಗದಿಯಾಗಿ ಬಂದು ನೋಡಬೇಕು. ರಾಜ್ಯದ ಜೈಲಿನ ಮೇಲೆ ನಂಬಿಕೆ ಇಲ್ಲ ಎಂದು ಕೈದಿ ಹೇಳಿದರೆ, ಬೇರೆ ರಾಜ್ಯದ ಜೈಲಿಗೆ ಕಳಿಸುವ ಅರ್ಜಿಯನ್ನು ವಾರದೊಳಗೆ ತೀರ್ಮಾನಿಸಬೇಕು. ಈ ಪಟ್ಟಿಯಲ್ಲಿ ಮೆತ್ತನೆಯ ಹಾಸಿಗೆ ಎಲ್ಲೂ ಇಲ್ಲ ಎಂಬುದನ್ನು ಗಮನಿಸಬೇಕು.

ಇಷ್ಟಕ್ಕೆ ಖರ್ಚಾಗುವುದಿಲ್ಲವೇ, ಸಿಬ್ಬಂದಿ ಎಲ್ಲಿದ್ದಾರೆ ಎಂಬ ಪ್ರಶ್ನೆ ಬರುತ್ತದೆ. ನಿಜ, ಜೈಲುಗಳು ತುಂಬಿ ತುಳುಕುತ್ತಿವೆ, ಇರುವವರಲ್ಲಿ ಹೆಚ್ಚಿನವರು ಇನ್ನೂ ವಿಚಾರಣೆ ಮುಗಿಯದವರು. ಅವರನ್ನು ಒಳಗೆ ಇಡುವ ಖರ್ಚನ್ನು ಸರ್ಕಾರ ಭರಿಸುತ್ತದೆಯಾದರೆ ಬದುಕಿಸಿ ಇಡುವ ಖರ್ಚನ್ನೂ ಭರಿಸಬೇಕು. 1993ರ ನೀಲಾಬತಿ ಬೆಹೆರಾ ಪ್ರಕರಣದಲ್ಲಿ, ಪೊಲೀಸರ ವಶದಲ್ಲಿದ್ದ ಮಗ ಸತ್ತ ತಾಯಿಗೆ ಪರಿಹಾರ ಕೊಡಿಸಿದ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ವಶಕ್ಕೆ ತೆಗೆದುಕೊಂಡವರೇ ಜೀವಕ್ಕೆ ಉತ್ತರ ಹೇಳಬೇಕು.

ಅಧಿಕಾರದಲ್ಲಿ ಇರುವವರಿಗೆ ಈ ನಿಯಮ ಬೇಕೆನಿಸುವುದು ಅಪರೂಪ. ಆದರೆ ಗುಜರಾತಿನದೇ ಇನ್ನೊಂದು ನೆನಪು ಇಲ್ಲಿ ಉಪಯೋಗಕ್ಕೆ ಬರುತ್ತದೆ. 2010ರ ಜುಲೈವರೆಗೆ ಅಮಿತ್ ಶಾ ಆ ರಾಜ್ಯದ ಗೃಹ ಖಾತೆಯ ಸಚಿವರಾಗಿದ್ದರು. ಆ ತಿಂಗಳು ಸೊಹ್ರಾಬುದ್ದೀನ್ ಪ್ರಕರಣದಲ್ಲಿ ಸಿಬಿಐ ಅವರನ್ನು ಬಂಧಿಸಿತು. ಅಕ್ಟೋಬರಿನಲ್ಲಿ ಜಾಮೀನು ಸಿಗುವವರೆಗೆ ಮೂರು ತಿಂಗಳು ಅವರು ಸಾಬರಮತಿ ಜೈಲಿನಲ್ಲಿದ್ದರು. 2014ರಲ್ಲಿ ನ್ಯಾಯಾಲಯ ಅವರನ್ನು ಆರೋಪಮುಕ್ತಗೊಳಿಸಿತು. 2019ರಲ್ಲಿ ಎಸ್‌ಪಿಜಿ ತಿದ್ದುಪಡಿಯನ್ನು ಸಂಸತ್ತಿನಲ್ಲಿ ಮಂಡಿಸಿದ ಗೃಹ ಸಚಿವರು ಅವರೇ. ಇಂದಿರಾ ಗಾಂಧಿ ತಿಹಾರ್‌ಗೆ ಹೋಗಿ ಬಂದ ಒಂದು ವರ್ಷದ ಆಸುಪಾಸಿನಲ್ಲಿ ಮತ್ತೆ ಪ್ರಧಾನಿಯಾದರು. ಜಾರ್ಜ್ ರಕ್ಷಣಾ ಸಚಿವರಾದರು. ಕಾವಲಿನ ಎರಡೂ ಬದಿಯನ್ನು ಒಂದೇ ಆಯುಷ್ಯದಲ್ಲಿ ಕಂಡ ನಾಯಕರು ಎಲ್ಲ ಪಕ್ಷಗಳಲ್ಲೂ ಇದ್ದಾರೆ.

ಸೂರತ್ ಪ್ರಕರಣದಲ್ಲಿ ಲಾಜಪೋರ್ ಜೈಲಿನ ಬಾಗಿಲು ತೆರೆಯಲಿಲ್ಲ. ಮುಂದಿನ ಸಲ ಯಾವ ಊರಿನಲ್ಲೋ, ಯಾವ ಪಕ್ಷದವರಿಗೋ ಅದು ತೆರೆಯಬಹುದು. ಆ ದಿನ ಬಾಗಿಲಲ್ಲಿ ನಿಂತ ಅಧಿಕಾರಿಯ ಕೈಯಲ್ಲಿ ಮೇಲಿನವರ ಫೋನ್ ಕರೆಯ ಬದಲು ಬರೆದಿಟ್ಟ ನಿಯಮವೊಂದು ಇರಲಿ. ಅದೇ ನಿಯಮ ನಾಯಕನ ಹಿಂದೆ ಸಾಲಿನಲ್ಲಿ ನಿಂತ, ಹೆಸರಿಲ್ಲದ ಕೈದಿಗೂ ಅನ್ವಯವಾಗಲಿ.